ಬಿಟ್ಟುಬಂದ ಊರಿನ ಋಣ

ನಮ್ಮ ಸಂಘದ ಸಭೆಗಳಲ್ಲಿ ಇಬ್ಬರು ಹಿರಿಯರು ಮೊದಲ ಬಾರಿಗೆ ಭೇಟಿಯಾದಾಗ, ಹೆಸರಿಗಿಂತ ಮೊದಲು ಕೇಳಿಕೊಳ್ಳುವ ಪ್ರಶ್ನೆಯೊಂದುಂಟು: "ತಮ್ಮದು ಯಾವ ಊರು?" ಕೊಯಮತ್ತೂರು ನಗರದಲ್ಲಿ ಐವತ್ತು ವರ್ಷ ಬಾಳಿದವರೂ ಇದಕ್ಕೆ ಕೊಯಮತ್ತೂರು ಎಂದು ಉತ್ತರಿಸುವುದಿಲ್ಲ. ಅನ್ನೂರಿನಾಚೆಯ ಒಂದು ಹಳ್ಳಿಯನ್ನೋ, ಪಲ್ಲಡಂ ದಾರಿಯ ಒಂದು ಪಾಳ್ಯವನ್ನೋ, ಉಡುಮಲೈ ಸೀಮೆಯ ಒಂದು ಪಟ್ಟಿಯನ್ನೋ ಹೆಸರಿಸುತ್ತಾರೆ. ಅಲ್ಲಿ ಅವರ ಮನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿರುತ್ತದೆ. ಆದರೂ ಊರು ಅದೇ. ಬಿಟ್ಟುಬಂದ ಊರನ್ನು ನಮ್ಮದೆಂದು ಹೇಳಿಕೊಳ್ಳುವ ಹಕ್ಕು ನಮಗೆ ಉಳಿದಿದೆಯೇ? ಉಳಿದಿದ್ದರೆ ಆ ಹಕ್ಕಿನ ಬೆನ್ನಿಗಿರುವ ಹೊಣೆ ಯಾವುದು? ಇದನ್ನು ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶ.

ಈ ಸೀಮೆಗೆ ಕನ್ನಡ ಹೊಸತಲ್ಲ. ಹದಿನೇಳನೆಯ ಶತಮಾನದಿಂದ 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಕೊಯಮತ್ತೂರು ಬಹುಮಟ್ಟಿಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿಯ ಗೆರೆ ಸರಿಯಿತು, ಊರುಗಳು ಇದ್ದಲ್ಲಿಯೇ ಇದ್ದವು. ದೇವಾಂಗ ನೇಕಾರರೂ ಒಕ್ಕಲಿಗರೂ ಎಷ್ಟೋ ತಲೆಮಾರುಗಳ ಹಿಂದೆಯೇ ಇಲ್ಲಿ ನೆಲೆಯೂರಿದರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಇದರಲ್ಲಿ ಯಾರಿಗೂ ಇಕ್ಕಟ್ಟು ಕಾಣಲಿಲ್ಲ. ತಮಿಳಿನ ಪಟ್ಟಿಯೇ ನಮ್ಮ ಹಟ್ಟಿ. ಪಾಳೆಯಮೇ ನಮ್ಮ ಪಾಳ್ಯ. ಊರ ಹೆಸರುಗಳಲ್ಲಿಯೇ ಎರಡು ನುಡಿಗಳ ನಂಟು ಅಡಗಿದೆ.

ಆ ಊರುಗಳನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವುದು ಸುಲಭ. ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಹಾಸು ಹಾಯಿಸಿ ಗಂಜಿ ಹಚ್ಚುತ್ತಿದ್ದ ಗಂಡಸರು, ಜಗುಲಿಯ ಮೇಲೆ ರಾಟೆಯಿಟ್ಟು ಕಂಡಿಕೆ ಸುತ್ತುತ್ತಿದ್ದ ಹೆಂಗಸರು, ಮನೆಮನೆಯಿಂದ ಕೇಳಿಬರುತ್ತಿದ್ದ ಲಾಳಿಯ ಸದ್ದು, ಇವೆಲ್ಲ ನಿಜ. ಆದರೆ ಮಳೆಗಾಲದಲ್ಲಿ ಮಗ್ಗದ ಗುಂಡಿಗೆ ನೀರು ನುಗ್ಗಿ ಒಲೆ ಆರುತ್ತಿದ್ದುದೂ ನಿಜ. ಪಡುವಣ ಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿನಲ್ಲಿ ಬೇಸಿಗೆಗೆ ಬಾವಿಗಳು ತಳ ಕಾಣುತ್ತಿದ್ದುದೂ ನಿಜ. ಚಹದ ಅಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟವಿದ್ದುದೂ ನಿಜ. ನಾವು ಅದನ್ನು ಕಂಡೂ ಸುಮ್ಮನಿದ್ದುದು ಅಷ್ಟೇ ನಿಜ. ಊರನ್ನು ಬಿಟ್ಟವರೆಲ್ಲ ಆಸೆಯಿಂದ ಬಿಡಲಿಲ್ಲ. ಕೆಲವರು ಮಾನ ಉಳಿಸಿಕೊಳ್ಳಲೆಂದೇ ಬಿಟ್ಟರು.

ಇಂಥ ಊರುಗಳ ಶಾಲೆಗಳಲ್ಲಿ ನಾವು 34 ವರ್ಷ ಪಾಠ ಹೇಳಿದೆವು. ಓದದ ಹುಡುಗನನ್ನು ಎದ್ದುನಿಲ್ಲಿಸಿ ನಾವು ಹೇಳುತ್ತಿದ್ದ ಮಾತು ಒಂದೇ: "ಓದು, ಇಲ್ಲವಾದರೆ ಅಪ್ಪನ ಹಾಗೆ ಮಗ್ಗದ ಗುಂಡಿಯೇ ಗತಿ." ಮಾತು ಫಲ ಕೊಟ್ಟಿತು. ಹುಡುಗರು ಓದಿದರು. ಬೆಂಗಳೂರಿಗೆ ಹೋದರು, ಚೆನ್ನೈಗೆ ಹೋದರು, ಕಡಲು ದಾಟಿದವರೂ ಉಂಟು. ಅವರ ಪ್ರಗತಿಯನ್ನು ನಮ್ಮ ಸಾಧನೆಯೆಂದೇ ಎಣಿಸಿ ಹೆಮ್ಮೆಪಟ್ಟೆವು.

ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಶಿಷ್ಯನ ತಂದೆಯನ್ನು ಕಾಣಲು ಅವರ ಊರಿಗೆ ಹೋಗಿದ್ದೆವು. ಬೀದಿಯಲ್ಲಿ ಉಳಿದಿದ್ದುದು ಅವರದೊಂದೇ ಮಗ್ಗ. ಕೈಗೆ ಕಾಫಿ ಕೊಟ್ಟು, ಮಗನ ಕ್ಷೇಮವನ್ನೆಲ್ಲ ಹೇಳಿದ ಮೇಲೆ ಅವರು ಮೆಲ್ಲಗೆ ಅಂದರು: "ವಾದ್ಯಾರೇ, ಅವನು ಚೆನ್ನಾಗಿದ್ದಾನೆ, ಎಲ್ಲ ನಿಮ್ಮ ಪುಣ್ಯ. ಆದರೆ ಈ ಮಗ್ಗ ಒಂದು ಶಿಕ್ಷೆ ಅಂತ ಅವನಿಗೆ ಹೇಳಿಕೊಟ್ಟಿರಲ್ಲ. ಇದರ ಮೇಲೆ ಕೂತೇ ನಾನು ಅವನ ಫೀಸು ಕಟ್ಟಿದ್ದು. ಈಗ ಅವನು ಮನೆಗೆ ಬಂದರೆ ಈ ಕೋಣೆಯೊಳಕ್ಕೆ ಕಾಲಿಡುವುದಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಸಮಾಧಾನಗಳು ಒಂದೊಂದಾಗಿ ಹೊಳೆದವು. ಮಗ್ಗ ನಿಂತುದು ನಮ್ಮ ಮಾತಿನಿಂದಲೇ? ಸೋಮನೂರು, ಪಲ್ಲಡಂಗಳ ವಿದ್ಯುತ್ ಮಗ್ಗಗಳೆದುರು ಕೈಮಗ್ಗ ಬೆಲೆಯಲ್ಲಿ ನಿಲ್ಲಲಾರದಾಯಿತು. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯೂ ಆ ಓಟವನ್ನು ತಡೆಯಲಿಲ್ಲ. ತಿರುಪ್ಪೂರಿನ ಬನಿಯನ್ ಉದ್ಯಮ ಹಳ್ಳಿಹಳ್ಳಿಯ ಕೈಗಳನ್ನು ಸೆಳೆದುಕೊಂಡಿತು. ಬಣ್ಣದ ನೀರು ಸೇರಿ ನೊಯ್ಯಲ್ ನದಿ ಕೆಟ್ಟಿತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಬಣ್ಣ ಹಾಕುವ ಘಟಕಗಳನ್ನು ಮುಚ್ಚಲು ಆದೇಶಿಸುವ ಹೊತ್ತಿಗೆ ನದಿಯ ಕೆಳಗಿನ ಹೊಲಗಳು ಹಾಳಾಗಿದ್ದವು. ಇಷ್ಟೆಲ್ಲ ಶಕ್ತಿಗಳ ನಡುವೆ ಒಬ್ಬ ಉಪಾಧ್ಯಾಯನ ಮಾತು ಎಷ್ಟರದು?

ಈ ವಾದ ಸರಿಯೇ, ಆದರೆ ಆ ಹಿರಿಯರು ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ. ಮಗನನ್ನೇಕೆ ಕಳಿಸಿದಿರಿ ಎಂದು ಅವರು ಕೇಳಲಿಲ್ಲ. ಕಳಿಸಲು ಅವರೂ ಒಪ್ಪಿದ್ದರು. ನಮ್ಮ ಬದುಕನ್ನು ಹೀಗಳೆಯದೆ ಕಳಿಸಲಾಗುತ್ತಿರಲಿಲ್ಲವೇ ಎಂದು ಕೇಳಿದರು. ಬಾಗಿಲು ತೆರೆಯುವುದು ಉಪಾಧ್ಯಾಯನ ಧರ್ಮ. ಹೊರಹೋಗುವವನು ಹಿಂದಿರುಗಿ ನೋಡಲು ನಾಚುವಂತೆ ಮಾಡುವುದು ಧರ್ಮವಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರ ಪಾಠ ಮಾಡಿದ ಬಾಯಿಯಿಂದಲೇ, ದಾಸಿಮಯ್ಯನವರು ಕೈಗೊಂಡಿದ್ದ ಕಾಯಕವನ್ನು ಶಿಕ್ಷೆಯೆಂದು ಸಾರಿದ್ದೆವು. ತಪ್ಪು ಇದ್ದುದು ಅಲ್ಲಿ. ಊರು ಬಿಡುವುದು ದ್ರೋಹವಲ್ಲ. ಬಿಟ್ಟುದಕ್ಕೆ ಸಮರ್ಥನೆಯಾಗಿ ಊರನ್ನು ಹಳಿಯುವುದು ದ್ರೋಹ.

ಹಾಗಾದರೆ ಋಣ ತೀರುವುದು ಹೇಗೆ? ನಮ್ಮ ಹಿರಿಯರು ಹೇಳುತ್ತಿದ್ದ ಋಣಗಳ ಲೆಕ್ಕದಲ್ಲಿ ಒಂದು ವಿಶೇಷವುಂಟು. ಋಷಿಋಣ ತೀರುವುದು ಕಲಿತುದನ್ನು ಇನ್ನೊಬ್ಬರಿಗೆ ಕಲಿಸುವುದರಿಂದ, ಪಿತೃಋಣ ತೀರುವುದು ಮಕ್ಕಳನ್ನು ಸಾಕಿ ಬೆಳೆಸುವುದರಿಂದ. ಅಂದರೆ ಪಡೆದುದನ್ನು ಕೊಟ್ಟವರಿಗೇ ಮರಳಿಸುವುದಲ್ಲ, ಮುಂದಿನವರಿಗೆ ದಾಟಿಸುವುದು. ಹಾಗೆಂದು ಊರಿನಲ್ಲಿ ಉಳಿದಿರುವ ಮುದುಕರಿಗೆ ನಾವು ಏನೂ ಸಲ್ಲಿಸಬೇಕಿಲ್ಲ ಎಂದಲ್ಲ. ವರ್ಷಕ್ಕೊಮ್ಮೆ ಚೌಡೇಶ್ವರಿಯ ಹಬ್ಬಕ್ಕೆ ಕಾರಿನಲ್ಲಿ ಹೋಗಿ, ಗೋಪುರದ ಬಣ್ಣಕ್ಕೆ ಹಣ ಬರೆಸಿ, ಕಲ್ಲಿನಲ್ಲಿ ಹೆಸರು ಕೆತ್ತಿಸಿ, ಪಕ್ಕದ ಮನೆಯ ಅಜ್ಜಿಯನ್ನು ಮಾತನಾಡಿಸದೆ ಸಂಜೆಗೆ ಹಿಂದಿರುಗಿದರೆ ಸಂದಾಯವಾದುದು ಗೋಪುರಕ್ಕೆ, ಊರಿಗಲ್ಲ. ಮೊದಲ ಸಲ್ಲಿಕೆ ಉಳಿದವರಿಗೆ. ಎರಡನೆಯದು ಮುಂದಿನವರಿಗೆ.

ಆ ಮುಂದಿನವರು ಯಾರು? ನಮ್ಮ ಊರಿನ ಹಳೆಯ ಮನೆಯ ಪಕ್ಕದಲ್ಲಿ ಈಗ ಒಡಿಶಾದಿಂದ ಬಂದ ಸಂಸಾರವೊಂದು ಬಾಡಿಗೆಗಿದೆ. ಗಂಡಹೆಂಡಿರಿಬ್ಬರಿಗೂ ನೂಲಿನ ಗಿರಣಿಯಲ್ಲಿ ಕೆಲಸ. ಮಗಳು ಊರ ಶಾಲೆಯಲ್ಲಿ ತಮಿಳಿನಲ್ಲಿ ಓದುತ್ತಾಳೆ, ಮನೆಯಲ್ಲಿ ಒಡಿಯಾ ಆಡುತ್ತಾಳೆ. ಹಬ್ಬದ ದಿನ ಬಾಗಿಲಲ್ಲಿ ನಿಂತಿದ್ದ ಅವಳನ್ನು, ಅಭ್ಯಾಸಬಲದಿಂದ, ನಿನ್ನದು ಯಾವ ಊರಮ್ಮ ಎಂದು ತಮಿಳಿನಲ್ಲಿ ಕೇಳಿದೆವು. ಮಗು ನಮ್ಮನ್ನೊಮ್ಮೆ ವಿಚಿತ್ರವಾಗಿ ನೋಡಿ, ಇದೇ ಊರು ಎಂದಿತು.

ನಮಗೆ ಕ್ಷಣಕಾಲ ಇರುಸುಮುರುಸಾಯಿತು. ಆ ಮೇಲೆ ನಮ್ಮ ಪೂರ್ವಿಕರ ನೆನಪಾಯಿತು. ಅವರೂ ಹೀಗೆಯೇ ಬೇರೆ ನುಡಿಯಾಡುತ್ತ ಬಂದವರು. ಇಲ್ಲಿನವರು ಜಾಗ ಕೊಟ್ಟರು, ಬಾವಿಯ ನೀರು ಕೊಟ್ಟರು, ನಮ್ಮ ದೇವರಿಗೂ ಬೀದಿ ಬಿಟ್ಟುಕೊಟ್ಟರು. ನಮ್ಮ ಊರಿಗೆ ನಾವು ಹೊತ್ತಿರುವ ಋಣದ ಮೊದಲ ಕಂತು ಅದೇ. ಅದನ್ನು ಕೊಟ್ಟವರು ಇಂದಿಲ್ಲ. ಪಡೆಯಬೇಕಾದವಳು ಬಾಗಿಲಲ್ಲಿ ನಿಂತಿದ್ದಾಳೆ. ಬಿಟ್ಟುಹೋದವರು ನಮ್ಮದೆನ್ನುವ ಊರನ್ನು ಬಂದು ಬಾಳುತ್ತಿರುವವಳು ತನ್ನದೆಂದರೆ ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ನಮ್ಮ ಹಕ್ಕು ನೆನಪಿನದು, ಅವಳದು ಬಾಳುವೆಯದು. ಒಂದು ಇನ್ನೊಂದನ್ನು ಹೊರದೂಡಬೇಕಾಗಿಲ್ಲ.

ಸಂಘದ ಬಂಧುಗಳಲ್ಲಿ ನಮ್ಮದು ಎರಡೇ ಬಿನ್ನಹ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದು ರಾತ್ರಿಯಾದರೂ ಉಳಿಯಿರಿ. ಮಗ್ಗದ ಒಂದೊಂದು ಅಂಗಕ್ಕೂ ಹಿರಿಯರು ಹೇಳುವ ಕನ್ನಡದ ಹೆಸರನ್ನು ಮಕ್ಕಳ ಕೈಯಲ್ಲಿ ಬರೆಯಿಸಿರಿ. ಹಾಗೆಯೇ ಹೊಸದಾಗಿ ಬಂದ ಸಂಸಾರದ ಬಾಗಿಲನ್ನೂ ತಟ್ಟಿರಿ.

ಆ ನೇಕಾರ ಹಿರಿಯರಿಗೆ ಅಂದು ನಾವು ಉತ್ತರ ಹೇಳಲಾಗಲಿಲ್ಲ. ಈ ಸಂಚಿಕೆ ಕೈಸೇರಿದ ಮೇಲೆ ಅವರ ಮನೆಗೆ ಹೋಗಿ, ಆ ಮಗ್ಗದ ಕೋಣೆಯಲ್ಲಿಯೇ ಕುಳಿತು ಇದನ್ನು ಓದಿ ಹೇಳಬೇಕೆಂದಿದ್ದೇವೆ. ಓದಿಯೇ ಹೇಳಬೇಕು, ಏಕೆಂದರೆ ಅವರು ಬದುಕಿನುದ್ದಕ್ಕೂ ಆಡಿದ ನುಡಿಯ ಅಕ್ಷರ ಅವರಿಗೆ ಬಾರದು. ಅಷ್ಟು ವರ್ಷ ಅವರ ಊರಿನಲ್ಲಿಯೇ ಇದ್ದ ನಾವು ಅದನ್ನೂ ಕಲಿಸಲಿಲ್ಲ.