ಮತ್ತಿನಲ್ಲಿ ಮಾಡಿದ್ದಕ್ಕೆ ಕರ್ತೃವಾರು?

"ಕುಡಿದ ಮತ್ತಿನಲ್ಲಿ ನಡೆದುಹೋಯಿತು, ನನಗೆ ಪ್ರಜ್ಞೆಯೇ ಇರಲಿಲ್ಲ" ಎಂಬುದು ಕಾಲೇಜು ವಿದ್ಯಾರ್ಥಿಗಳ ಬಾಯಲ್ಲಿ ಅಪರೂಪದ ಮಾತಲ್ಲ. ಪ್ರಜ್ಞೆಯಿಲ್ಲದವನಿಗೆ ಕರ್ತೃತ್ವವುಂಟೇ ಎಂಬ ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಜೀವನು ಅಸ್ವತಂತ್ರನಾದರೂ ಅವನ ಕರ್ತೃತ್ವವು ಸತ್ಯವಾದದ್ದೇ. ಅಲ್ಲವಾದರೆ ವಿಧಿನಿಷೇಧಗಳು ವ್ಯರ್ಥವಾದಾವು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಮೊದಲ ಲೋಟವನ್ನು ಕೈಗೆತ್ತಿಕೊಂಡಾಗ ಆ ಹುಡುಗನು ಪ್ರಜ್ಞಾವಂತನೇ ಆಗಿದ್ದನಲ್ಲವೆ? ಹೊಣೆಯು ಅಲ್ಲಿಂದಲೇ ಆರಂಭ.

ಆದರೆ ಹೊಣೆಯನ್ನು ಹೊರಿಸುವುದಷ್ಟೇ ಹಿರಿಯರ ಕೆಲಸವೇ? ಆದಿಪರ್ವದ ಕಥೆಯನ್ನು ನೆನೆಯೋಣ. ಅಸುರರು ಕಚನನ್ನು ಸುಟ್ಟು, ಬೂದಿಯನ್ನು ಸುರೆಯಲ್ಲಿ ಬೆರೆಸಿ ಶುಕ್ರಾಚಾರ್ಯರಿಗೇ ಕುಡಿಸಿದರು. ಸಂಜೀವಿನಿಯನ್ನು ಬಲ್ಲ ಆ ಜ್ಞಾನಿಗೂ ತಾವು ಕುಡಿಯುತ್ತಿರುವುದು ಶಿಷ್ಯನನ್ನೆಂದು ತಿಳಿಯಲಿಲ್ಲ. ಬ್ರಾಹ್ಮಣರಿಗೆ ಸುರೆಯನ್ನು ನಿಷೇಧಿಸಿ ಅವರು ಮರ್ಯಾದೆಯನ್ನು ಕಟ್ಟಿದ್ದು ಪ್ರಸಿದ್ಧವಾಗಿದೆ. ಅದಕ್ಕೆ ಮೊದಲು ತಮ್ಮ ಪ್ರಾಣವನ್ನೇ ಒಡ್ಡಿ ಕಚನನ್ನು ಬದುಕಿಸಿದರೆಂಬ ಕ್ರಮವನ್ನು ನಾವು ಗಮನಿಸುವುದಿಲ್ಲ.

ನಮ್ಮ ದೇಶದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಇದೇ ಚೆನ್ನೈ ನಗರದಲ್ಲಿ. ಪತ್ತೆಹಚ್ಚಿದವರು ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಹಾಗೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. (ಇಂದಿನ ವಿದ್ಯಾರ್ಥಿಗಳನ್ನೆಲ್ಲ ಒಟ್ಟಾಗಿ ಹಳಿಯುವವರು ಆಕೆಯೂ ವಿದ್ಯಾರ್ಥಿನಿಯೇ ಎಂಬುದನ್ನು ಮರೆಯಬಾರದು.) ಮದ್ಯವು ಮೊದಲು ಕಸಿಯುವುದು ವಿವೇಕವನ್ನು, ಆಗ ರಕ್ಷಣೆಯಿಲ್ಲದ ಸಂಗಕ್ಕೆ ತಡೆಯಿಲ್ಲ. ಮಾದಕದ್ರವ್ಯದ ಸೂಜಿಯನ್ನು ಹಂಚಿಕೊಳ್ಳುವುದಂತೂ ಸೋಂಕಿಗೆ ನೇರದಾರಿ. ಶಂಕೆಯುಂಟಾದರೆ 72 ಗಂಟೆಗಳೊಳಗೆ, ಎಷ್ಟು ಬೇಗನೆ ಸಾಧ್ಯವೋ ಅಷ್ಟು ಬೇಗನೆ, ವೈದ್ಯರ ಸಲಹೆಯಂತೆ ಔಷಧವನ್ನಾರಂಭಿಸಿ 28 ದಿನ ಸೇವಿಸಿದರೆ ಸೋಂಕನ್ನು ಬಹುಮಟ್ಟಿಗೆ ತಡೆಯಬಹುದು.

ಇಲ್ಲಿಯೇ ನಮ್ಮ ಮನೆಗಳ ಪ್ರಶ್ನೆ ಏಳುತ್ತದೆ. ಕೋಡಂಬಾಕ್ಕಂನ ಎರಡು ಕೋಣೆಗಳ ಮನೆಯಲ್ಲಿಯೂ ಮಡಿಯನ್ನು ಬಿಡದೆ ನಡೆಸಿಕೊಂಡು ಬಂದವರು ನಾವು, ಅದು ಅಭಿಮಾನಪಡತಕ್ಕದ್ದೇ. ಆದರೆ ತಂದೆಗೆ ತಿಳಿದರೆ ಪಂಕ್ತಿಯಿಂದ ಎಬ್ಬಿಸಿಯಾರೆಂಬ ಭಯದಲ್ಲಿ ಹುಡುಗನು ಆ ಮೂರು ದಿನಗಳನ್ನು ಬಾಯಿಬಿಡದೆ ಕಳೆದರೆ, ಆಚಾರವು ಯಾರನ್ನು ಕಾಪಾಡಿದಂತಾಯಿತು? ಸಹಪಂಕ್ತಿಯ ಊಟದಿಂದ ಈ ಸೋಂಕು ಹರಡದು. ಪ್ರಾಯಶ್ಚಿತ್ತಕ್ಕೆ ಆಮೇಲೆ ಕಾಲವಿದೆ, ಔಷಧಕ್ಕಿಲ್ಲ.

2017ರ ಕಾಯಿದೆಯಂತೆ ಒಪ್ಪಿಗೆಯಿಲ್ಲದೆ ಈ ಪರೀಕ್ಷೆಯನ್ನು ಮಾಡುವಂತಿಲ್ಲ, ವಿವರವನ್ನು ಗುಟ್ಟಾಗಿಡಬೇಕು. ಮದ್ಯವ್ಯಸನದ ಚಿಕಿತ್ಸೆಗೆ ಶಾಂತಿ ರಂಗನಾಥನ್ ಅವರು 1980ರಲ್ಲಿ ಈ ನಗರದಲ್ಲೇ ಸಂಸ್ಥೆಯನ್ನು ಸ್ಥಾಪಿಸಿದರು. ಮಕ್ಕಳು ತಂದೆತಾಯಿಯರಲ್ಲಿ ಹೇಳಲಾರದ್ದನ್ನು ಕೇಳಲು 1097 ಎಂಬ ಉಚಿತ ದೂರವಾಣಿಯಿದೆ. ಆ ಸಂಖ್ಯೆಯನ್ನು ತಂದೆಯೇ ಮಗನಿಗೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.