ಅನುವಾದದಲ್ಲಿ ನಂಬಿಕೆ: ಇಂಗ್ಲಿಷ್ ವಾಕ್ಯ ಚೀನೀಭಾಷೆಗೆ ಇಳಿಯುವ ಬಗೆ

ಇಂಗ್ಲಿಷ್ ವಾಕ್ಯವನ್ನು ಚೀನೀಭಾಷೆಗೆ ತರುವ ಅಭ್ಯಾಸಕ್ಕೆ ತೊಡಗಿದ ವಿದ್ಯಾರ್ಥಿಗೆ ಪಠ್ಯಪುಸ್ತಕಗಳು ಮೊದಲು ಕಲಿಸುವುದು ಕೆಲವು ಉಪಾಯಗಳನ್ನು: ಉದ್ದನೆಯ ವಾಕ್ಯವನ್ನು ಒಡೆದು ಸಣ್ಣ ವಾಕ್ಯಗಳ ಸಾಲಾಗಿಸುವುದು, ಮೂಲದಲ್ಲಿ ಇಲ್ಲದ ಪದವನ್ನು ಅರ್ಥದ ಸಲುವಾಗಿ ಸೇರಿಸುವುದು, ಇರುವ ಪದವನ್ನು ಬಿಡುವುದು, ನಾಮಪದವನ್ನು ಕ್ರಿಯಾಪದವಾಗಿ ತಿರುಗಿಸುವುದು, ಕರ್ಮಣಿ ಪ್ರಯೋಗವನ್ನು ಕರ್ತರಿಯಾಗಿ ಬದಲಿಸುವುದು. ಬಡಗಿಗೆ ಉಳಿ, ಬಾಚಿಗಳಿರುವಂತೆ ಅನುವಾದಕನಿಗೆ ಇವು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಇವುಗಳಲ್ಲಿ ಯಾವುದನ್ನು ಬಳಸಿದರೂ ಮೂಲವಾಕ್ಯದ ಯಾವುದೋ ಒಂದು ಅಂಶ ಅಳಿಯುತ್ತದೆ, ಬೇರೊಂದು ಅಂಶ ಹೊಸದಾಗಿ ಹುಟ್ಟುತ್ತದೆ. ಹೀಗೆ ಒಡೆದು, ಸೇರಿಸಿ, ಬಿಟ್ಟು, ತಿರುಗಿಸಿದ ಮೇಲೂ ಅದು ‘ಅದೇ ಮಾತು’ ಎಂದು ಹೇಳುವ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ಚೀನಾದ ಪರಂಪರೆ ಈ ಪ್ರಶ್ನೆಗೆ ಕೊಟ್ಟ ಉತ್ತರವು ರೂಪದ ಹೋಲಿಕೆಯನ್ನು ಆಧರಿಸಿಲ್ಲ, ಮಾತು ಕೊಟ್ಟವನ ಹೊಣೆಯನ್ನು ಆಧರಿಸಿದೆ.

ಮೊದಲು ವಾಕ್ಯದ ರಚನೆಯನ್ನೇ ನೋಡಬೇಕು. ಇಂಗ್ಲಿಷಿನಲ್ಲಿ ವಿಶೇಷ್ಯ ಮುಂದೆ ಬಂದು ಅದನ್ನು ವಿವರಿಸುವ ಉಪವಾಕ್ಯಗಳು ಹಿಂದಿನಿಂದ ಒಂದಕ್ಕೊಂದು ಕೊಂಡಿಯಾಗಿ ಎಷ್ಟು ದೂರ ಬೇಕಾದರೂ ಹರಿಯಬಹುದು. ಚೀನೀಭಾಷೆಯಲ್ಲಿ ವಿವರಣೆಯೆಲ್ಲ ವಿಶೇಷ್ಯಕ್ಕೆ ಮೊದಲೇ ಬರಬೇಕು. ಕನ್ನಡಿಗರಿಗೆ ಇದು ಅಪರಿಚಿತವಲ್ಲ, ಏಕೆಂದರೆ ‘ನಿನ್ನೆ ಊರಿಂದ ಬಂದ ಹುಡುಗ’ ಎನ್ನುವಾಗ ಕನ್ನಡವೂ ಹಾಗೆಯೇ ಮಾಡುತ್ತದೆ. ಆದರೆ ಕನ್ನಡಕ್ಕೆ ವಿಭಕ್ತಿ ಪ್ರತ್ಯಯಗಳ ಮತ್ತು ಕೃದಂತಗಳ ಆಸರೆಯಿರುವುದರಿಂದ ವಿಶೇಷಣದ ಹೊರೆ ಎಷ್ಟಾದರೂ ಅದು ಹೊರಬಲ್ಲದು, ಚೀನೀಭಾಷೆಗೆ ಆ ಪ್ರತ್ಯಯಗಳಿಲ್ಲ. ಅಲ್ಲಿ ಪದಗಳ ಸಂಬಂಧವನ್ನು ಬಹುಮಟ್ಟಿಗೆ ಅವುಗಳ ಸ್ಥಾನವೇ ಹೇಳುತ್ತದೆ. ಹಾಗಾಗಿ ಉದ್ದನೆಯ ಇಂಗ್ಲಿಷ್ ವಾಕ್ಯವನ್ನು ಒಡೆಯುವುದು ಅಲ್ಲಿ ಅನಿವಾರ್ಯ. ಒಡೆದಾಗ, ಮುಖ್ಯವಾಕ್ಯಕ್ಕೆ ಅಧೀನವಾಗಿದ್ದ ವಿಚಾರವು ಸ್ವತಂತ್ರ ಹೇಳಿಕೆಯಾಗಿ ನಿಲ್ಲುತ್ತದೆ, ಕಾರಣವೆಂದು ಸೂಚಿತವಾಗಿದ್ದದ್ದು ಕೇವಲ ಮೊದಲು ನಡೆದ ಸಂಗತಿಯಾಗಿ ಕಾಣಬಹುದು. ‘ದುಃಖದ ಅರಿವು ದುಃಖದ ನಿವೃತ್ತಿಗೆ ಕಾರಣವಾಗುತ್ತದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ‘ಅರಿವು’ ಎಂಬ ಅಮೂರ್ತ ನಾಮವೇ ಕರ್ತೃವಾಗಿ ಕೆಲಸ ಮಾಡುತ್ತದೆ. ಅಭ್ಯಾಸದ ನಿಯಮದಂತೆ ನಾಮವನ್ನು ಕ್ರಿಯೆಯಾಗಿ ತಿರುಗಿಸಿದರೆ ಅದು ‘ದುಃಖವನ್ನು ಅರಿತರೆ ದುಃಖ ನಿಲ್ಲುತ್ತದೆ’ ಎಂದಾಗುತ್ತದೆ. ಎರಡನೆಯದು ಸಹಜವಾಗಿದೆ, ಬಹುಶಃ ಬುದ್ಧನ ಮಾತಿಗೆ ಇನ್ನಷ್ಟು ಹತ್ತಿರವೂ ಆಗಿದೆ. ಆದರೂ ಮೊದಲನೆಯ ವಾಕ್ಯವು ಅರಿವನ್ನು ಒಂದು ವಸ್ತುವೆಂದು ಎಣಿಸುತ್ತದೆ, ಎರಡನೆಯದು ಅರಿಯುವವನನ್ನು ಮರೆಯಲ್ಲಿಟ್ಟು ಅರಿಯುವುದನ್ನು ಘಟನೆಯೆಂದು ಕಾಣುತ್ತದೆ ಎಂಬ ವ್ಯತ್ಯಾಸ ವ್ಯಾಕರಣಕ್ಕಷ್ಟೇ ಸೇರಿದ್ದಲ್ಲ.

ಕರ್ಮಣಿ ಪ್ರಯೋಗದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಚೀನೀಭಾಷೆಯ ಕರ್ಮಣಿ ಸೂಚಕವಾದ ‘ಬೇಯ್’ ಎಂಬ ಪದಕ್ಕೆ ಹಿಂದೆ ಹೊದಿಕೆ, ಹೊದೆ, ಅನುಭವಿಸು ಎಂಬ ಅರ್ಥಗಳಿದ್ದವು. ಅದು ಬಹುಕಾಲ ಕೇಡು, ನಷ್ಟ, ಪೆಟ್ಟುಗಳ ಸಂದರ್ಭಕ್ಕೆ ಹೆಚ್ಚಾಗಿ ಸಲ್ಲುತ್ತಿತ್ತು, ಐರೋಪ್ಯ ಭಾಷೆಗಳಿಂದ ಅನುವಾದಗಳು ಹೆಚ್ಚಿದ ಮೇಲೆ ತಟಸ್ಥ ಅರ್ಥದಲ್ಲಿಯೂ ಬಳಕೆಗೆ ಬಂತು. ಕನ್ನಡದ ‘ಮಾಡಲ್ಪಟ್ಟಿತು’ ಎಂಬಲ್ಲಿರುವ ‘ಪಡು’ ಧಾತುವೂ ಅನುಭವಿಸು ಎಂಬ ಅರ್ಥದ್ದೇ ಎಂಬುದನ್ನೂ, ಆ ಪ್ರಯೋಗವು ಇಂದಿಗೂ ಕನ್ನಡದ ಕಿವಿಗೆ ಪರಕೀಯವಾಗಿ ಕೇಳುತ್ತದೆ ಎಂಬುದನ್ನೂ ನೆನೆದರೆ ಚೀನೀ ಅನುವಾದಕನ ಕಷ್ಟ ಕನ್ನಡ ಓದುಗರಿಗೆ ಒಳಗಿನಿಂದಲೇ ತಿಳಿಯುತ್ತದೆ. ಸುವಾರ್ತೆಗಳಲ್ಲಿ ಯೇಸು ರೋಗಿಯೊಬ್ಬನಿಗೆ ಪಾಪಗಳು ಕ್ಷಮಿಸಲ್ಪಟ್ಟವೆಂದು ಹೇಳುವ ಮಾತು ಗ್ರೀಕಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕರ್ಮಣಿಯಲ್ಲಿದೆ. ಕ್ಷಮಿಸಿದವನು ದೇವರು ಎಂಬುದನ್ನು ಹೇಳದೆ ಸೂಚಿಸುವ ಪ್ರಯೋಗ ಅದೆಂದು ವ್ಯಾಖ್ಯಾನಕಾರರು ತಿಳಿಯುತ್ತಾರೆ. 1919ರಲ್ಲಿ ಪ್ರಕಟವಾದ, ಪ್ರೊಟೆಸ್ಟಂಟರಲ್ಲಿ ಅತ್ಯಂತ ಬಳಕೆಯಲ್ಲಿರುವ ಚೀನೀ ಯೂನಿಯನ್ ಬೈಬಲ್ ಅಲ್ಲಿ ‘ಬೇಯ್’ ಪದವನ್ನು ತರುವುದಿಲ್ಲ; ಪಾಪ ಕಳೆಯಿತು ಎನ್ನುವಷ್ಟು ಸರಳವಾಗಿ, ಯಾವ ಸೂಚಕವೂ ಇಲ್ಲದೆ ವಾಕ್ಯವನ್ನು ಮುಗಿಸುತ್ತದೆ. ಕ್ಷಮೆಯನ್ನು ಕೇಡಿನ ಪದದಲ್ಲಿ ಹೇಳದಿದ್ದದ್ದು ಸರಿಯೇ. ಆದರೆ ಮರೆಯಲ್ಲಿದ್ದ ದೈವೀ ಕರ್ತೃವಿನ ನೆರಳು ಅದರೊಡನೆ ತೆಳುವಾಯಿತು.

ಇದೇ ಬೈಬಲಿನಲ್ಲಿ ‘ಇರು’ ಎಂಬ ಕ್ರಿಯೆಯ ತೊಡಕೂ ಎದುರಾಗುತ್ತದೆ. ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಯೇಸು ಅಬ್ರಹಾಮನ ಕುರಿತು ಭೂತಕಾಲವನ್ನೂ ತನ್ನ ಕುರಿತು ವರ್ತಮಾನಕಾಲವನ್ನೂ ಬಳಸುವುದರಿಂದ, ಕಾಲಕ್ಕೆ ಒಳಪಡದ ಇರವಿನ ಸೂಚನೆ ಆ ವಾಕ್ಯದಲ್ಲಿ ಹುಟ್ಟುತ್ತದೆ. ಚೀನೀ ಕ್ರಿಯಾಪದಕ್ಕೆ ಕಾಲಪ್ರತ್ಯಯಗಳಿಲ್ಲ, ಅಸ್ತಿತ್ವವನ್ನು ಹೇಳಲು ‘ಯೌ’ ಎಂಬ, ಉಂಟು ಎಂದೂ ಹೊಂದಿರು ಎಂದೂ ಅರ್ಥ ಕೊಡುವ ಪದವಿದೆ. ಯೂನಿಯನ್ ಅನುವಾದವು ಅಬ್ರಹಾಮನಿಗೂ ಯೇಸುವಿಗೂ ಅದೊಂದನ್ನೇ ಹಚ್ಚಿ, ಮೊದಲನೆಯದಕ್ಕೆ ‘ಇನ್ನೂ ಇಲ್ಲ’ ಎಂಬ ನಿಷೇಧವನ್ನೂ ಎರಡನೆಯದಕ್ಕೆ ‘ಆಗಲೇ ಉಂಟಾಗಿತ್ತು’ ಎಂಬ ಭಾವವನ್ನೂ ಸೇರಿಸುತ್ತದೆ. ಕನ್ನಡದ ‘ಇದ್ದೇನೆ’ ಒಂದೇ ಪದದಲ್ಲಿ ಹೊರಬಲ್ಲ ಭಾರವನ್ನು ಅಲ್ಲಿ ಇಡೀ ವಾಕ್ಯದ ಕ್ರಮ ಹೊರಬೇಕಾಗಿದೆ. ಕಾಲಾತೀತವಾದದ್ದು ಅಲ್ಲಿ ಬಹಳ ಹಿಂದಿನದಾಗಿ ಮಾತ್ರ ಉಳಿಯುತ್ತದೆ. ಇದನ್ನು ಅನುವಾದಕರ ಅಜ್ಞಾನ ಎನ್ನಲಾಗದು, ಎರಡು ಭಾಷೆಗಳ ನಡುವಿನ ನಿಜವಾದ ಕಂದರ ಇದು.

ಈ ಕಂದರವನ್ನು ಕಣ್ಣಿಟ್ಟು ನೋಡಿದವನು ಯೆನ್ ಫು. ಫೂಜಿಯೆನ್ ಪ್ರಾಂತದಲ್ಲಿ 1854ರಲ್ಲಿ ಹುಟ್ಟಿ, ಫೂಝೌ ಹಡಗುಕಟ್ಟೆಯ ಶಾಲೆಯಲ್ಲಿ ನೌಕಾವಿದ್ಯೆ ಕಲಿತು, 1877ರಿಂದ 1879ರವರೆಗೆ ಇಂಗ್ಲೆಂಡಿನಲ್ಲಿದ್ದು ಗ್ರೀನಿಚ್ಚಿನ ರಾಯಲ್ ನೇವಲ್ ಕಾಲೇಜಿನಲ್ಲಿ ಓದಿದ ಈತ, ಥಾಮಸ್ ಹಕ್ಸ್‌ಲಿಯ ‘ವಿಕಾಸ ಮತ್ತು ನೀತಿ’ ಎಂಬ ಗ್ರಂಥವನ್ನು ‘ಥಿಯೆನ್‌ಯೆನ್ ಲುನ್’ ಎಂಬ ಹೆಸರಿನಲ್ಲಿ 1898ರಲ್ಲಿ ಪ್ರಕಟಿಸಿದ. ಅದರ ಮುನ್ನುಡಿಯಲ್ಲಿ ಅನುವಾದಕ್ಕೆ ಮೂರು ಕಷ್ಟಗಳಿವೆ ಎಂದು ಹೇಳಿ ಅವನ್ನು ‘ಶಿನ್’, ‘ದಾ’, ‘ಯಾ’ ಎಂದು ಹೆಸರಿಸಿದ. ಸಾಮಾನ್ಯವಾಗಿ ಇವನ್ನು ನಿಷ್ಠೆ, ಸುಗಮತೆ, ಸೊಬಗು ಎಂದು ವಿವರಿಸುತ್ತಾರೆ. ಇಂಗ್ಲಿಷ್ ವಾಕ್ಯದ ಸ್ವಭಾವವನ್ನೂ ಆತ ಅಲ್ಲಿ ನಿಖರವಾಗಿ ಗುರುತಿಸಿದ್ದಾನೆ: ಪಾಶ್ಚಾತ್ಯ ಬರಹದಲ್ಲಿ ಪದದ ವಿವರಣೆ ವಾಕ್ಯದ ನಡುವೆಯೇ ಬರುತ್ತದೆ, ಅದನ್ನು ಇದ್ದಂತೆ ಅನುಸರಿಸಿದರೆ ಅರ್ಥವಾಗುವುದಿಲ್ಲ, ಕತ್ತರಿಸಿದರೆ ಅರ್ಥ ಸೋರಿಹೋಗುತ್ತದೆ, ಆದಕಾರಣ ಅನುವಾದಕ ಇಡೀ ಬರಹವನ್ನು ಮನಸ್ಸಿನಲ್ಲಿ ಕರಗಿಸಿಕೊಂಡು ಆಮೇಲೆ ಬರೆಯಬೇಕು ಎಂಬುದು ಅವನ ನಿಲುವು.

‘ಶಿನ್’ ಎಂಬ ಪದದ ಮೇಲೆ ಇಲ್ಲಿ ನಿಲ್ಲಬೇಕು. ಅದರ ಲಿಪಿಚಿಹ್ನೆಯಲ್ಲಿ ಮನುಷ್ಯನನ್ನು ಸೂಚಿಸುವ ಭಾಗ ಎಡಕ್ಕೂ ಮಾತನ್ನು ಸೂಚಿಸುವ ಭಾಗ ಬಲಕ್ಕೂ ಇವೆ. ಕನ್ಫ್ಯೂಷಿಯನ್ ಪರಂಪರೆ ಎಣಿಸುವ ಐದು ನಿತ್ಯಗುಣಗಳಲ್ಲಿ ಕಾರುಣ್ಯ, ನ್ಯಾಯ, ವಿಧಿ, ವಿವೇಕಗಳ ಜೊತೆಗೆ ಕೊನೆಯದಾಗಿ ಬರುವ ಗುಣ ಅದೇ. ಎಂದರೆ ಶಿನ್ ಎನ್ನುವುದು ಎರಡು ಪಠ್ಯಗಳ ನಡುವಿನ ಹೋಲಿಕೆಯ ಅಳತೆಯಲ್ಲ, ಆಡಿದ ಮಾತಿಗೆ ಬದ್ಧನಾಗಿ ನಿಲ್ಲುವ ವ್ಯಕ್ತಿಯ ಗುಣ. ಕನ್ನಡದ ‘ನಡೆನುಡಿ’ ಎಂಬ ಜೋಡುಪದ ಸೂಚಿಸುವ ಒಂದಾಗಿರುವಿಕೆಗೆ ಅದು ಹತ್ತಿರವಾದದ್ದು. ಯೆನ್ ಫು ತನ್ನ ಮೂರು ಮಾನದಂಡಗಳಿಗೂ ಪ್ರಾಚೀನ ಗ್ರಂಥಗಳ ಆಧಾರ ಕೊಡುವಾಗ ಅನುವಾದದ ಕುರಿತ ಮಾತುಗಳನ್ನು ಆರಿಸಲಿಲ್ಲ. ನುಡಿಯಲ್ಲಿ ಸತ್ಯಸಂಧತೆ ಇರಬೇಕು, ಮಾತು ತಲುಪಿದರೆ ಸಾಕು, ಸೊಗಸಿಲ್ಲದ ಮಾತು ದೂರ ಹೋಗದು ಎಂಬರ್ಥದ, ಬರಹಗಾರರೆಲ್ಲರಿಗೂ ಅನ್ವಯಿಸುವ ನೀತಿಗಳನ್ನೇ ಎತ್ತಿಕೊಂಡ. ನಿಷ್ಠೆಯನ್ನು ಪದಕ್ಕೆ ಪದದ ಲೆಕ್ಕವೆಂದು ತಿಳಿದರೆ ಮೇಲಿನ ಉಪಾಯಗಳೆಲ್ಲ ಅಪರಾಧಗಳಾಗುತ್ತವೆ. ವಾಗ್ದಾನವೆಂದು ತಿಳಿದರೆ ಅವು ಸಮ್ಮತವಾಗುತ್ತವೆ, ಆದರೆ ಪ್ರತಿಯೊಂದಕ್ಕೂ ಅನುವಾದಕ ಉತ್ತರ ಕೊಡಬೇಕಾಗುತ್ತದೆ. ಎರಡನೆಯದು ಹೆಚ್ಚು ಸಡಿಲವಾದದ್ದೆಂದು ತೋರಿದರೂ ವಾಸ್ತವದಲ್ಲಿ ಹೆಚ್ಚು ಕಠಿಣವಾದದ್ದು.

ಯೆನ್ ಫು ತೆಗೆದುಕೊಂಡ ಸ್ವಾತಂತ್ರ್ಯ ಸಣ್ಣದಲ್ಲ. ಹಕ್ಸ್‌ಲಿ ತಾನು ಬರೆಯುತ್ತಿರುವ ಕೋಣೆಯ ಕಿಟಕಿಯಾಚೆಯ ನೆಲವನ್ನು ಉತ್ತಮಪುರುಷದಲ್ಲಿ ವರ್ಣಿಸುವ ಆರಂಭದಲ್ಲಿ, ಯೆನ್ ಫು ಹಕ್ಸ್‌ಲಿಯನ್ನು ಹೆಸರಿಟ್ಟು ಕರೆದು, ಕೋಣೆಯಲ್ಲಿ ಒಬ್ಬನೇ ಕುಳಿತ ಪ್ರಥಮಪುರುಷನನ್ನಾಗಿ ಮಾಡಿದ. ಪ್ರಾಚೀನ ಚೀನೀ ಗದ್ಯದ ಗಾಂಭೀರ್ಯ ಅದರಿಂದ ಬಂತು. ಇನ್ನೂ ದೊಡ್ಡ ಪ್ರಶ್ನೆ ಪರಿಭಾಷೆಯದು. ಜೀವರಾಶಿಯನ್ನು ಹೋರಾಟಕ್ಕೆ ಹಚ್ಚುವ ವಿಶ್ವಪ್ರಕ್ರಿಯೆ ಮತ್ತು ಅದನ್ನು ತಡೆದು ನಿಲ್ಲುವ ನೈತಿಕ ಪ್ರಕ್ರಿಯೆ ಪರಸ್ಪರ ವಿರುದ್ಧ ಎಂಬುದು ಹಕ್ಸ್‌ಲಿಯ ಮುಖ್ಯ ವಾದ. ಮೊದಲನೆಯದಕ್ಕೆ ಯೆನ್ ಫು ‘ಥಿಯೆನ್‌ಶಿಂಗ್’, ಎಂದರೆ ‘ಥಿಯೆನ್’‌ನ ನಡೆ ಎಂಬ ಪದವನ್ನು ಇಟ್ಟ. ‘ಥಿಯೆನ್’ ಎಂದರೆ ಆಕಾಶ, ನಿಸರ್ಗ, ದೈವ ಮೂರೂ ಹೌದು. ‘ಪರಿವರ್ತನೆಗಳ ಗ್ರಂಥ’ ಎಂದು ಹೆಸರಾದ ಯೀಜಿಂಗ್‌ನಲ್ಲಿ ಥಿಯೆನ್ನಿನ ನಡೆ ಸಜ್ಜನನು ಅನುಸರಿಸಬೇಕಾದ ಮಾದರಿ, ಶುನ್‌ಝಿ ಎಂಬ ಚಿಂತಕನಲ್ಲಾದರೋ ಅದು ಒಳ್ಳೆಯ ದೊರೆ ಕೆಟ್ಟ ದೊರೆ ಎಂಬ ಭೇದವೆಣಿಸದ ಸ್ಥಿರ ನಿಯಮ. ಒಂದೇ ಪದದೊಳಗೆ ಎರಡು ವಿರುದ್ಧ ದರ್ಶನಗಳು ಮೊದಲೇ ಕೂತಿದ್ದವು. ಚೀನೀ ಓದುಗ ಹಕ್ಸ್‌ಲಿಯ ವಿಶ್ವಪ್ರಕ್ರಿಯೆಯನ್ನು ಶುನ್‌ಝಿಯ ಕಿವಿಯಿಂದ ಕೇಳಿದರೆ ವಾದ ಸರಿಯಾಗಿ ತಲುಪುತ್ತದೆ, ಯೀಜಿಂಗ್‌ನ ಕಿವಿಯಿಂದ ಕೇಳಿದರೆ ತಲೆಕೆಳಗಾಗುತ್ತದೆ. ಈ ಅಪಾಯ ಯೆನ್ ಫುವಿಗೆ ತಿಳಿದಿತ್ತು. ಇಂಗ್ಲಿಷಿನಲ್ಲಿ ಬೇರೆಬೇರೆ ಪದಗಳಿರುವ ಅರ್ಥಗಳೆಲ್ಲ ಚೀನೀಭಾಷೆಯಲ್ಲಿ ಥಿಯೆನ್ ಎಂಬ ಒಂದೇ ಪದದಲ್ಲಿ ಬೆರೆತಿವೆಯೆಂದು ಆತ ಮುಂದೆ ಇಂಗ್ಲಿಷ್ ಚಿಂತಕ ಸ್ಪೆನ್ಸರನ ಸಮಾಜಶಾಸ್ತ್ರ ಗ್ರಂಥದ ಅನುವಾದದಲ್ಲಿ ಟಿಪ್ಪಣಿ ಬರೆದ. ಒಂದು ಪದವನ್ನು ನೆಲೆಗೊಳಿಸಲು ವಾರಗಟ್ಟಲೆ ತೊಳಲಾಡಬೇಕಾಯಿತೆಂದು ಹೇಳಿಕೊಂಡವನೂ ಅವನೇ. ಅವನ ಅನೇಕ ಪದಗಳನ್ನು ಜಪಾನಿನಿಂದ ಬಂದ ಪದಗಳು ಮುಂದೆ ಬದಿಗೊತ್ತಿದವು, ಆ ತೊಳಲಾಟದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.

ಭಾರತೀಯ ಓದುಗರ ಮನಸ್ಸನ್ನು ಹೆಚ್ಚು ತಟ್ಟಬೇಕಾದ ಭಾಗ ಇದರ ಮುಂದಿದೆ. ಹಕ್ಸ್‌ಲಿ 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ, ಈ ಗ್ರಂಥದ ತಿರುಳಾದ ಉಪನ್ಯಾಸದಲ್ಲಿ ಬೌದ್ಧ ಚಿಂತನೆಯನ್ನು ವಿಸ್ತಾರವಾಗಿ ಚರ್ಚಿಸುತ್ತಾನೆ. ತಲೆಮಾರಿನಿಂದ ತಲೆಮಾರಿಗೆ ಸಾಗುವ ಶೀಲದ ಸಾರವನ್ನೇ ಭಾರತೀಯ ದಾರ್ಶನಿಕರು ‘ಕರ್ಮ’ ಎಂದು ಕರೆದರೆಂದು ವಿವರಿಸಿ ಅದನ್ನು ಆನುವಂಶಿಕತೆಯ ಪಕ್ಕದಲ್ಲಿ ಇಡುತ್ತಾನೆ. ಹೀಗೆ ಭಾರತದ ಪದವೊಂದು ಇಂಗ್ಲಿಷಿನಲ್ಲಿ ಜೀವಶಾಸ್ತ್ರದ ಬಣ್ಣ ಹಚ್ಚಿಕೊಂಡು, ತಾನು ಸಾವಿರದೈನೂರು ವರ್ಷಗಳಿಗೂ ಹಿಂದೆ ನೇರವಾಗಿ ಹೋಗಿ ನೆಲೆಸಿದ್ದ ಚೀನೀಭಾಷೆಗೆ ಇನ್ನೊಮ್ಮೆ ಬಂತು. ಯೆನ್ ಫು ಆ ಅಧ್ಯಾಯಕ್ಕೆ ಇಟ್ಟ ಹೆಸರು ‘ಝೊಂಗ್‌ಯೆ’. ‘ಯೆ’ ಎಂಬುದು ಕರ್ಮಕ್ಕೆ ಬೌದ್ಧರು ಬಳಸುತ್ತ ಬಂದ ಪದ. ‘ಝೊಂಗ್’ ಎಂದರೆ ಬೀಜವೂ ಹೌದು, ವಂಶ ಅಥವಾ ಪ್ರಭೇದವೂ ಹೌದು. ಕರ್ಮದ ಸಂಸ್ಕಾರಗಳು ಚಿತ್ತದ ಆಳದಲ್ಲಿ ಬೀಜಗಳಾಗಿ ಉಳಿಯುತ್ತವೆ ಎಂಬ ಯೋಗಾಚಾರ ಬೌದ್ಧರ ಸಿದ್ಧಾಂತಕ್ಕೆ ಚೀನಾದಲ್ಲಿ ಗಟ್ಟಿ ನೆಲೆ ಒದಗಿಸಿದ ಹ್ಯೂಯೆನ್ ತ್ಸಾಂಗ್‌ನ ಅನುವಾದಗಳಲ್ಲಿ ಬೀಜಕ್ಕೆ ಬರುವ ಪದದಲ್ಲಿಯೂ ಇದೇ ಅಕ್ಷರವಿದೆ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡು ಬರೆದಿಟ್ಟ ಯಾತ್ರಿಕನೇ ಈತ. ಹಕ್ಸ್‌ಲಿ ದೂರದಿಂದ ಊಹಿಸಿದ ಸಾಮ್ಯವನ್ನು ಯೆನ್ ಫುವಿನ ಎರಡು ಅಕ್ಷರಗಳು ಪದದೊಳಗೇ ಕಟ್ಟಿಬಿಟ್ಟವು. ಇಲ್ಲಿ ಅನುವಾದವು ಮೂಲಕ್ಕಿಂತ ಹೆಚ್ಚು ಬಲ್ಲದು ಎಂದರೆ ಅತಿಶಯೋಕ್ತಿಯಲ್ಲ.

ಆದರೂ ಇಂಥ ಹೊಂದಾಣಿಕೆಯನ್ನು ಬೌದ್ಧ ಅನುವಾದಕರೇ ಹಿಂದೆ ಶಂಕಿಸಿದ್ದರು. ಬೌದ್ಧ ಪರಿಕಲ್ಪನೆಗಳಿಗೆ ದಾವ್ ಪಂಥದ ಪದಗಳನ್ನು ಹೊಂದಿಸಿ ವಿವರಿಸುವ ‘ಗೆಯಿ’ ಎಂಬ ಕ್ರಮ 4ನೆಯ ಶತಮಾನದಲ್ಲಿ ಬಳಕೆಯಲ್ಲಿತ್ತು. ನಿರ್ವಾಣವನ್ನು ‘ವೂವೇಯ್’, ಎಂದರೆ ಬಲಾತ್ಕಾರವಿಲ್ಲದ ಕ್ರಿಯೆ, ಎಂದು ಹೇಳಿದ ಆರಂಭಕಾಲದ ಅನುವಾದಗಳೂ ಇವೆ. ದಾವ್‌ಆನ್ ಎಂಬ ಪಂಡಿತ ಭಿಕ್ಷು ಆ ಕ್ರಮವನ್ನು ಕೈಬಿಟ್ಟು, ಅನುವಾದದಲ್ಲಿ ಮೂಲವು ಐದು ಬಗೆಯಲ್ಲಿ ನಷ್ಟವಾಗುತ್ತದೆ ಎಂದು ಪಟ್ಟಿ ಮಾಡಿದ. ಪದಗಳ ಕ್ರಮ ತಿರುಗುಮುರುಗಾಗುವುದೇ ಅದರಲ್ಲಿ ಮೊದಲನೆಯದು. ಅನುವಾದಿಸದೆ ಧ್ವನಿಯಿಂದಲೇ ಉಳಿಸಬೇಕಾದ ಐದು ಬಗೆಯ ಪದಗಳನ್ನು ಹ್ಯೂಯೆನ್ ತ್ಸಾಂಗ್ ಗುರುತಿಸಿದನೆಂದು ಸೊಂಗ್ ಕಾಲದ ಗ್ರಂಥವೊಂದು ಹೇಳುತ್ತದೆ: ಮಂತ್ರಗಳಂತೆ ರಹಸ್ಯವಾದವು, ಹಲವು ಅರ್ಥಗಳುಳ್ಳವು, ಚೀನಾದಲ್ಲಿ ಇಲ್ಲದ ವಸ್ತುಗಳ ಹೆಸರುಗಳು, ಪೂರ್ವಿಕರು ಹಾಗೆಯೇ ಉಳಿಸಿದವು, ಗೌರವ ಹುಟ್ಟಿಸುವವು. ‘ಪ್ರಜ್ಞಾ’ ಎಂಬುದು ಐದನೆಯ ಬಗೆಗೆ ಸೇರುತ್ತದೆ, ಏಕೆಂದರೆ ‘ಬುದ್ಧಿವಂತಿಕೆ’ ಎಂದು ಹೇಳಿದರೆ ಅದು ಹಗುರವಾಗುತ್ತದೆ. ಎಚ್ಚರ ತಪ್ಪುವುದನ್ನು ‘ಪ್ರಜ್ಞೆ ತಪ್ಪಿತು’ ಎನ್ನುವ ಕನ್ನಡದಲ್ಲಿ ಆ ಪದ ನಿತ್ಯಬಳಕೆಯಿಂದ ಎಷ್ಟು ಸವೆದಿದೆ ಎಂಬುದನ್ನು ಗಮನಿಸಿದರೆ ಹ್ಯೂಯೆನ್ ತ್ಸಾಂಗ್‌ನ ಎಚ್ಚರಿಕೆ ಅರ್ಥವಾಗುತ್ತದೆ.

ಆದ್ದರಿಂದ ಅಭ್ಯಾಸ ಎಂಬ ಪದವನ್ನು ಇಲ್ಲಿ ಕೈಪಳಗುವುದು ಎಂಬಷ್ಟಕ್ಕೆ ಸೀಮಿತಗೊಳಿಸಬಾರದು. ವಾಕ್ಯವನ್ನು ಒಡೆದ ವಿದ್ಯಾರ್ಥಿ ತಾನು ಯಾವ ಕಾರಣಸಂಬಂಧವನ್ನು ಬಿಡಿಸಿದೆನೆಂದು ಬಲ್ಲವನಾಗಿರಬೇಕು, ಕರ್ಮಣಿಯನ್ನು ಕರ್ತರಿಯಾಗಿಸಿದವನು ಯಾವ ಕರ್ತೃವನ್ನು ಮುಂದಕ್ಕೆ ತಂದೆನೆಂದು ಅಥವಾ ಅಳಿಸಿದೆನೆಂದು ಹೇಳಬಲ್ಲವನಾಗಿರಬೇಕು, ತನ್ನ ಚೀನೀ ವಾಕ್ಯವನ್ನು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ತಂದಾಗ ಕಾಣುವ ಅಂತರವನ್ನು ಮುಚ್ಚಿಡದೆ ಟಿಪ್ಪಣಿಯಲ್ಲಿ ಒಪ್ಪಿಕೊಳ್ಳಬೇಕು. ಯೆನ್ ಫು ತನ್ನ ಭಿನ್ನಾಭಿಪ್ರಾಯಗಳನ್ನು ಅನುವಾದದ ನಡುವೆ ಪ್ರತ್ಯೇಕ ಟಿಪ್ಪಣಿಗಳಲ್ಲಿ ಬರೆದಿಟ್ಟದ್ದೂ, ತನ್ನ ವಿಧಾನ ಸರಿಯಾದ ಮಾದರಿಯಲ್ಲವೆಂದು ಹೇಳಿ, ತನ್ನನ್ನು ಅನುಕರಿಸುವವರಿಗೆ ರೋಗ ತಗಲುತ್ತದೆ ಎಂಬರ್ಥದ, ಬೌದ್ಧ ಅನುವಾದಕ ಕುಮಾರಜೀವನ ಮಾತನ್ನು ನೆನಪಿಸಿದ್ದೂ ಇಂಥ ಒಪ್ಪಿಗೆಯೇ.

ಒಪ್ಪಂದವೇ ಸಾಧ್ಯವಾಗದ ಪದಗಳೂ ಇವೆ. ಮಿಷನರಿ ರಾಬರ್ಟ್ ಮಾರಿಸನ್ 1823ರಲ್ಲಿ ಮುದ್ರಣ ಮುಗಿಸಿದ ಚೀನೀ ಬೈಬಲಿನಲ್ಲಿ ಯೋಹಾನನ ಮೊದಲ ವಾಕ್ಯದ ‘ಲೋಗೋಸ್’ ಎಂಬ ಗ್ರೀಕ್ ಪದಕ್ಕೆ ಮಾತು ಎಂಬರ್ಥದ ‘ಯೆನ್’ ಬಂದಿತ್ತು. ಮುಂದಿನ ಪ್ರೊಟೆಸ್ಟಂಟ್ ಅನುವಾದಗಳು ದಾರಿ, ತತ್ತ್ವ, ನುಡಿ ಮೂರನ್ನೂ ಒಳಗೊಂಡ ‘ದಾವ್’ ಪದಕ್ಕೆ ಹೊರಳಿ ಅಲ್ಲೇ ನೆಲೆಸಿದವು. ಮಾರಿಸನ್ ಸೇರಿದ್ದ ಲಂಡನ್ ಮಿಷನರಿ ಸೊಸೈಟಿಯವನೇ ಆದ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕನ್ನಡ ಬೈಬಲಿಗಾಗಿ ದುಡಿದವನು. ಕನ್ನಡದಲ್ಲಿ ಆ ಸ್ಥಾನದಲ್ಲಿ ‘ವಾಕ್ಯ’ ನಿಂತಿತು, ದೇವರಿಗೆ ‘ದೇವರು’ ಎಂಬ ಪದ ಹೆಚ್ಚಿನ ತಕರಾರಿಲ್ಲದೆ ಸಂದಿತು. ಚೀನಾದಲ್ಲಿ ದೇವರಿಗೆ ಯಾವ ಪದವೂ ಹಾಗೆ ತಕರಾರಿಲ್ಲದೆ ಸಲ್ಲಲಿಲ್ಲ. ಪ್ರಾಚೀನ ಗ್ರಂಥಗಳ ಪರಮಪ್ರಭುವಾದ ‘ಶಾಂಗ್‌ದಿ’ ಎಂಬ ಹೆಸರೇ ಸರಿ ಎಂದು ಮಿಷನರಿಗಳಲ್ಲಿ ಮೆಡ್‌ಹರ್ಸ್ಟ್ ಮೊದಲಾದವರು, ಅದು ಇನ್ನೊಂದು ಧರ್ಮದ ದೇವತೆಯ ಹೆಸರಾದ್ದರಿಂದ ದೈವಗಳಿಗೆಲ್ಲ ಸಲ್ಲುವ ‘ಶೆನ್’ ಎಂಬ ಸಾಮಾನ್ಯನಾಮವೇ ಸರಿ ಎಂದು ಬೂನ್ ಮೊದಲಾದವರು ಪಟ್ಟು ಹಿಡಿದರು. ದೇವರು ಒಬ್ಬನೇ ಆದರೆ ಅವನ ಹೆಸರು ಅಂಕಿತನಾಮವೋ ರೂಢನಾಮವೋ ಎಂಬ ಆ ವ್ಯಾಜ್ಯ ಇತ್ಯರ್ಥವಾಗಲಿಲ್ಲ. ಯೂನಿಯನ್ ಬೈಬಲ್ ಎರಡು ಆವೃತ್ತಿಗಳಲ್ಲಿ ಅಚ್ಚಾಗಿ ಬಂತು. ಶಾಂಗ್‌ದಿ ಎಂಬುದಕ್ಕೆ ಎರಡು ಅಕ್ಷರ ಬೇಕು, ಶೆನ್ ಎಂಬುದಕ್ಕೆ ಒಂದೇ ಸಾಕು. ಪುಟಗಳ ಜೋಡಣೆ ಎರಡರಲ್ಲಿಯೂ ಒಂದೇ ಆಗಿರಲೆಂದು ಶೆನ್ ಆವೃತ್ತಿಯಲ್ಲಿ ಆ ಪದ ಬರುವಲ್ಲೆಲ್ಲ ಅದರ ಮುಂದೆ ಒಂದು ಅಕ್ಷರದಷ್ಟು ಜಾಗವನ್ನು ಖಾಲಿ ಬಿಟ್ಟರು, ಅನೇಕ ಮುದ್ರಣಗಳಲ್ಲಿ ಆ ಜಾಗ ಇಂದಿಗೂ ಹಾಗೆಯೇ ಖಾಲಿಯಾಗಿದೆ.