ಎರಡಾಗಿ ಕಂಡದ್ದೆಲ್ಲ ಭ್ರಮೆಯಲ್ಲ

ಶಿರಸಿ ತಾಲ್ಲೂಕಿನ ಸೋಂದಾ ಚಿಕ್ಕ ಊರು. ಆದರೆ ಅದ್ವೈತದ ಸ್ವರ್ಣವಲ್ಲೀ ಮಠ, ದ್ವೈತದ ವಾದಿರಾಜ ಮಠ, ಸ್ವಾದಿಯ ಜೈನ ಮಠ ಮೂರೂ ಅದರ ಆಸುಪಾಸಿನಲ್ಲೇ ಇವೆ. ಭೇದ ಬರಿಯ ತೋರಿಕೆ ಎನ್ನುವವರು, ಭೇದವೇ ನಿಜ ಎನ್ನುವವರು, ಒಂದು ವಸ್ತುವಿನ ಬಗ್ಗೆ ಹಲವು ಮಾತುಗಳು ತಂತಮ್ಮ ನೆಲೆಯಲ್ಲಿ ಸಲ್ಲುತ್ತವೆ ಎನ್ನುವವರು ಇಲ್ಲಿ ನೆರೆಹೊರೆಯವರಾಗಿ ಬಾಳಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆಯಲ್ಲಿ ತಾಳಮದ್ದಳೆಯ ಅರ್ಥಧಾರಿಗಳು ರಾತ್ರಿಯಿಡೀ ಮಾತಿಗೆ ಮಾತು ಹೆಣೆದರೂ ಎದ್ದುಹೋಗದೆ ಕೇಳುವ ಜನ ಇಂದಿಗೂ ಇದ್ದಾರೆ. ಹೀಗೆ ವಾದವನ್ನು ಬಲ್ಲ ಸೀಮೆಯ ಮುಂದೆ ಒಂದು ಪ್ರಶ್ನೆ ಇಡಬೇಕೆನಿಸಿದೆ: ಒಂದೇ ಆಗಿರುವುದು ಎರಡಾಗಿ ಕಂಡಾಗ, ಆ ನೋಟವನ್ನು ನಾವು ಏನು ಮಾಡಬೇಕು?

ಪ್ರಶ್ನೆ ಹಳೆಯದು. ಶಂಕರರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಅಧ್ಯಾಸವನ್ನು, ಅಂದರೆ ಒಂದರ ಮೇಲೆ ಇನ್ನೊಂದನ್ನು ಹೊರಿಸಿ ಕಾಣುವುದನ್ನು, ವಿವರಿಸುತ್ತ ಎರಡು ಲೋಕಾನುಭವಗಳನ್ನು ಹೆಸರಿಸುತ್ತಾರೆ. ಚಿಪ್ಪು ಬೆಳ್ಳಿಯಂತೆ ತೋರುವುದು ಒಂದು, ಒಬ್ಬನೇ ಚಂದ್ರ ಇಬ್ಬರಂತೆ ತೋರುವುದು ಇನ್ನೊಂದು. ಅಲ್ಲಿ ಎರಡನೆಯ ಚಂದ್ರ ತಪ್ಪುನೋಟದ ಮಾದರಿ. ಅರಿವು ಬಂದಾಗ ಬಿಟ್ಟುಬಿಡಬೇಕಾದದ್ದು. ಮೇಲುಕೋಟೆಯಲ್ಲಿ ಬಾಳಿದ ರಾಮಾನುಜರು ಶ್ರೀಭಾಷ್ಯದಲ್ಲಿ ಇದೇ ಉದಾಹರಣೆಯನ್ನು ಎತ್ತಿಕೊಂಡು ಬೇರೆ ಕಡೆಗೆ ಹೊರಳುತ್ತಾರೆ. ಬೆರಳಿನಿಂದ ಕಣ್ಣು ಒತ್ತಿದಾಗಲೋ ಕಣ್ಣಿಗೆ ರೋಗ ಬಂದಾಗಲೋ ಕಣ್ಣಿನ ತೇಜಸ್ಸು ಎರಡು ಕವಲಾಗುತ್ತದೆ. ಒಂದು ನೇರವಾಗಿ, ಇನ್ನೊಂದು ತುಸು ಓರೆಯಾಗಿ ಸಾಗಿ ಚಂದ್ರನನ್ನು ತಲುಪುತ್ತದೆ ಎಂಬುದು ಅವರ ವಿವರಣೆ. ಎರಡು ದಾರಿಗಳೂ ನಿಜ, ಆದ್ದರಿಂದ ಎರಡು ಗ್ರಹಿಕೆಗಳಿಗೂ ನಿಜವಾದ ಕಾರಣವಿದೆ. ಕಣ್ಣಿನಿಂದ ತೇಜಸ್ಸು ಹೊರಡುತ್ತದೆ ಎಂಬ ಆ ಕಾಲದ ತಿಳಿವಳಿಕೆ ಈಗ ನಿಲ್ಲುವುದಿಲ್ಲ. ಆದರೆ ತಪ್ಪಾಗಿ ಕಂಡದ್ದನ್ನು ಬಿಸಾಡುವ ಮೊದಲು ಅದು ಯಾವ ದಾರಿಯಲ್ಲಿ ಬಂತು ಎಂದು ಕೇಳುವ ಆ ಬುದ್ಧಿಯ ನಡೆ ನಿಲ್ಲುತ್ತದೆ. ಆ ನಡೆಯನ್ನು ಕೊನೆಯವರೆಗೂ ನಡೆಸಿದರೆ ಎಲ್ಲಿಗೆ ತಲುಪುತ್ತೇವೆ ಎಂಬುದಕ್ಕೆ ಆಕಾಶದಲ್ಲಿ ಒಂದು ನಿದರ್ಶನವಿದೆ.

1979ರಲ್ಲಿ ಡೆನಿಸ್ ವಾಲ್ಶ್, ರಾಬರ್ಟ್ ಕಾರ್ಸ್‌ವೆಲ್ ಮತ್ತು ರೇ ವೇಮನ್ ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದಲ್ಲಿ ಸಪ್ತರ್ಷಿಮಂಡಲದ ಎರಡು ಮಸುಕಾದ ಚುಕ್ಕೆಗಳ ರೋಹಿತ ತೆಗೆದರು. ಚುಕ್ಕೆಗಳ ನಡುವಿನ ಅಂತರ ಸುಮಾರು ಆರು ವಿಕಲೆ, ಅಂದರೆ ಹುಣ್ಣಿಮೆ ಚಂದ್ರನ ಅಗಲದ 300ರಲ್ಲಿ ಒಂದು ಪಾಲು. ಎರಡೂ ಕ್ವೇಸಾರ್‌ಗಳು. ದೂರದ ಗೆಲಾಕ್ಸಿಯ ಒಡಲಲ್ಲಿ ಬೃಹತ್ ಕಪ್ಪುಕುಳಿಯೊಂದು ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುವಾಗ ಆ ಅನಿಲ ಕಾದು ಉರಿಯುವ ಉರಿಯೇ ಕ್ವೇಸಾರ್. ಒಂದಕ್ಕೊಂದು ತಾಗಿದಂತೆ ಎರಡು ಕ್ವೇಸಾರ್ ಸಿಗುವುದು ಅಪರೂಪ; ಆದರೆ ಅಚ್ಚರಿ ಅದಲ್ಲ. ಎರಡರ ರೋಹಿತದಲ್ಲೂ ಅವೇ ರೇಖೆಗಳು; ಅವು ಕೆಂಪಿನತ್ತ ಸರಿದ ಅಳತೆಯೂ, ಅಂದರೆ ಕೆಂಪುಪಲ್ಲಟವೂ, ಅದೇ, 1.41. ಒಬ್ಬನದೇ ಬೆರಳಚ್ಚು ಎರಡು ಕಡೆ ಸಿಕ್ಕಂತಾಯಿತು. ಸ್ವಲ್ಪ ಕಾಲದಲ್ಲೇ ಆ ಎರಡು ಚುಕ್ಕೆಗಳ ನಡುವೆ, ನಮಗೆ ಹೆಚ್ಚು ಹತ್ತಿರದಲ್ಲಿ, ಒಂದು ಗೆಲಾಕ್ಸಿ ಇರುವುದು ಗೊತ್ತಾಯಿತು. ಕ್ವೇಸಾರ್ ಒಂದೇ. ಸುಮಾರು 900 ಕೋಟಿ ವರ್ಷ ಹಿಂದೆ ಹೊರಟ ಅದರ ಬೆಳಕು ದಾರಿಯಲ್ಲಿ ಆ ಗೆಲಾಕ್ಸಿಯ ಗುರುತ್ವಕ್ಕೆ ಬಾಗಿ, ಎರಡು ಕಡೆಯಿಂದ ಬಳಸಿಕೊಂಡು ನಮ್ಮನ್ನು ಮುಟ್ಟುತ್ತಿತ್ತು.

ಗುರುತ್ವ ಬೆಳಕನ್ನು ಬಾಗಿಸುತ್ತದೆ ಎಂಬುದು ಆಗ ಹೊಸ ಮಾತಾಗಿರಲಿಲ್ಲ. 1919ರ ಮೇ 29ರ ಪೂರ್ಣಗ್ರಹಣದಲ್ಲಿ ಬ್ರೆಜಿಲ್‌ನ ಸೊಬ್ರಾಲ್ ಮತ್ತು ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಿಂದ ತೆಗೆದ ಚಿತ್ರಗಳು ಸೂರ್ಯನಂಚಿನ ತಾರೆಗಳು ತಮ್ಮ ಜಾಗದಿಂದ ಸರಿದಂತೆ ಕಾಣುವುದನ್ನು ತೋರಿಸಿದ್ದವು. ಸೂರ್ಯನಂಚಿನಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿದ್ದ ಸರಿತ 1.75 ವಿಕಲೆ. ಇದು ದೂರದೇಶದ ಆಕಾಶಕ್ಕೆ ಮಾತ್ರ ಸಲ್ಲುವ ನಿಯಮವಲ್ಲ. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ಅರಬ್ಬೀ ಸಮುದ್ರದಿಂದ ಕಾರವಾರ–ಅಂಕೋಲೆಯ ದಡ ಹತ್ತಿ, ಯಲ್ಲಾಪುರದ ಮೇಲೆ ಹಾದು ಹುಬ್ಬಳ್ಳಿ, ಗದಗ, ರಾಯಚೂರಿನತ್ತ ಓಡಿತು. ಅಂದು ಎಷ್ಟೋ ಮನೆಗಳ ಬಾಗಿಲು ಹಾಕಿದ್ದವು. ಆ ಕೆಲವು ನಿಮಿಷ ಯಲ್ಲಾಪುರದ ಕಪ್ಪಾದ ಸೂರ್ಯನ ಹಿಂದಿನ ತಾರೆಗಳೂ ಸೊಬ್ರಾಲ್‌ನಲ್ಲಿ ಸರಿದಂತೆಯೇ ಸರಿದಿದ್ದವು. ನಿಯಮ ಯಾರ ಅಂಗಳವನ್ನೂ ಬಿಟ್ಟು ನಡೆಯುವುದಿಲ್ಲ.

ಇಲ್ಲಿ ಎರಡು ಆತುರದ ಮಾತುಗಳಿಂದ ದೂರ ನಿಲ್ಲಬೇಕು. ಇದನ್ನೆಲ್ಲ ನಮ್ಮ ಹಿರಿಯರು ಆಗಲೇ ಹೇಳಿದ್ದರು ಎಂಬುದು ಮೊದಲನೆಯದು. ಅವರು ಹೇಳಿರಲಿಲ್ಲ. ಅವರ ಎರಡನೆಯ ಚಂದ್ರ ನೋಡುವವನ ಕಣ್ಣಿನಲ್ಲಿ ಹುಟ್ಟಿದ್ದು. ಪಕ್ಕದವನಿಗೆ ಅದು ಕಾಣುವುದಿಲ್ಲ, ಬೆರಳು ತೆಗೆದರೆ ಮಾಯವಾಗುತ್ತದೆ. ಎರಡನೆಯ ಕ್ವೇಸಾರ್ ಹಾಗಲ್ಲ. ಭೂಮಿಯ ಯಾವ ದೂರದರ್ಶಕ ತಿರುಗಿಸಿದರೂ ಅದು ಅಲ್ಲೇ ಇರುತ್ತದೆ, ಕಣ್ಣೇ ಇಲ್ಲದ ಯಂತ್ರಕ್ಕೂ ದಾಖಲಾಗುತ್ತದೆ. ಎರಡಾದದ್ದು ನೋಟವಲ್ಲ, ದಾರಿ. ಹಳೆಯ ಶಾಸ್ತ್ರಗಳಲ್ಲಿ ಈ ಭೌತವಿಜ್ಞಾನವಿಲ್ಲ ಎಂದ ಮೇಲೆ ಅವುಗಳ ಪ್ರಶ್ನೆಗೂ ಬೆಲೆಯಿಲ್ಲ ಎಂಬುದು ಎರಡನೆಯ ಆತುರ. ಅದೂ ಸಲ್ಲದು. ಜ್ಞಾನ ತನ್ನಷ್ಟಕ್ಕೆ ಪ್ರಮಾಣ, ಅದರಲ್ಲಿ ದೋಷವಿದೆ ಎನ್ನುವವನೇ ಆ ದೋಷವನ್ನು ತೋರಿಸಬೇಕು ಎಂಬುದು ವೇದಾಂತದ ಹಲವು ಪಂಥಗಳು ಒಪ್ಪಿದ ಮಾತು, ಮಧ್ವರ ಅನುಯಾಯಿಗಳು ಬಿಗಿಹಿಡಿದು ಕಾಪಾಡಿದ ಮಾತು. ಎರಡು ಚುಕ್ಕೆ ಕಂಡಾಗ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಯಂತ್ರದ ದೋಷವೆಂದು ಕೈತೊಳೆದುಕೊಳ್ಳಲಿಲ್ಲ. ದೋಷವಿದ್ದರೆ ಎಲ್ಲಿದೆ, ಅದರ ನಿಯಮವೇನು ಎಂದು ಹುಡುಕಿದರು.

ಹುಡುಕಿದ್ದರಿಂದ ಸಿಕ್ಕಿದ್ದು ದೊಡ್ಡದು. ಎರಡು ದಾರಿಗಳ ಉದ್ದ ಒಂದೇ ಅಲ್ಲ, ಆ ದಾರಿಗಳ ಮೇಲಿನ ಗುರುತ್ವವೂ ಒಂದೇ ಅಲ್ಲ. ಹಾಗಾಗಿ ಬೆಳಕು ಎರಡು ಬೇರೆ ಹೊತ್ತಿಗೆ ತಲುಪುತ್ತದೆ. ಕಣಿವೆಯಾಚೆ ಯಕ್ಷಗಾನದ ಚಂಡೆ ಹೊಡೆದಾಗ ಒಂದು ದನಿ ನೇರವಾಗಿಯೂ ಇನ್ನೊಂದು ಎದುರಿನ ಬೆಟ್ಟಕ್ಕೆ ಬಡಿದು ತಡವಾಗಿಯೂ ಕೇಳುವುದುಂಟು. ಬೆಟ್ಟದ ಸುದ್ದಿ ಗೊತ್ತಿಲ್ಲದವನು ಎರಡು ಮೇಳವಿದೆ ಎಂದುಕೊಳ್ಳುತ್ತಾನೆ. ಗೊತ್ತಿರುವವನು ಆ ತಡದಿಂದಲೇ ಬೆಟ್ಟದ ದೂರವನ್ನು ಅಳೆಯಬಲ್ಲ. ನಾರ್ವೆಯ ಶೂರ್ ರೆಫ್ಸ್‌ಡಾಲ್ 1964ರಲ್ಲಿ ಇಂಥದ್ದೇ ಲೆಕ್ಕವನ್ನು ಬ್ರಹ್ಮಾಂಡಕ್ಕೆ ಹಾಕಿದ್ದರು: ಬಾಗಿ ಬಂದ ಎರಡು ಬಿಂಬಗಳ ನಡುವಿನ ತಡವನ್ನು ಅಳೆದರೆ ವಿಶ್ವ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಎಂದು ಹೇಳಬಹುದು. ಜೋಡಿ ಕ್ವೇಸಾರ್ ಕಣ್ಣಿಗೆ ಬೀಳುವುದಕ್ಕೆ 15 ವರ್ಷ ಮೊದಲೇ ಅದರ ಉಪಯೋಗ ಬರೆದಿಟ್ಟಾಗಿತ್ತು.

ಆ ತಡವನ್ನು ಅಳೆದ ಕತೆಯಲ್ಲಿ ನನ್ನ ವಾದದ ತಿರುಳಿದೆ. ಕ್ವೇಸಾರ್‌ನ ಹೊಳಪು ಏರಿಳಿಯುತ್ತಿರುತ್ತದೆ. ಒಂದು ಬಿಂಬದ ಏರಿಳಿತ ಇನ್ನೊಂದರಲ್ಲಿ ಎಷ್ಟು ದಿನದ ಮೇಲೆ ಮರುಕಳಿಸುತ್ತದೆ ಎಂದು ನೋಡಬೇಕು. 1979ರ ಜೋಡಿಯ ವಿಷಯದಲ್ಲಿ ವರ್ಷಗಟ್ಟಲೆ ಎರಡು ಪಕ್ಷಗಳಿದ್ದವು. ತಡ ಸುಮಾರು 415 ದಿನ ಎಂದವರು ಒಂದು ಕಡೆ, 536 ದಿನ ಎಂದವರು ಇನ್ನೊಂದು ಕಡೆ. ಇಬ್ಬರ ಬಳಿಯೂ ಅಂಕಿಗಳಿದ್ದವು, ಗಣಿತವಿತ್ತು. 1994ರ ಡಿಸೆಂಬರಿನಲ್ಲಿ ಮೊದಲು ಬರುವ ಬಿಂಬದ ಹೊಳಪು ಥಟ್ಟನೆ ಇಳಿಯಿತು. ಅದನ್ನು ಕಂಡ ತಂಡ ತಡವಾಗಿ ಬರುವ ಬಿಂಬ ಇಳಿಯುವ ಮೊದಲೇ ಆ ಸುದ್ದಿಯನ್ನು ಪ್ರಕಟಿಸಿತು. ಒಂದು ಪಕ್ಷ ಸರಿಯಾಗಿದ್ದರೆ ಎರಡನೆಯ ಇಳಿತ 1996ರ ಫೆಬ್ರವರಿಗೆ ಬರಬೇಕು, ಇನ್ನೊಂದು ಸರಿಯಾಗಿದ್ದರೆ ಜೂನ್‌ ಹೊತ್ತಿಗೆ. ಅದು ಫೆಬ್ರವರಿಯಲ್ಲಿ ಬಂತು. ತಡ 417 ದಿನ ಎಂದು 1997ರಲ್ಲಿ ತೀರ್ಮಾನವಾಯಿತು. ವಾದ ಮುಗಿದದ್ದು ಯಾರ ವಾಗ್ಮಿತೆಯಿಂದಲೂ ಅಲ್ಲ, ಯಾರ ಹಿರಿತನದಿಂದಲೂ ಅಲ್ಲ. ಎರಡು ಪಕ್ಷಗಳೂ ತಂತಮ್ಮ ಮಾತಿಗೆ ದಿನಾಂಕ ಹಾಕಿದ್ದವು, ಆ ದಿನಾಂಕ ಬಂತು.

ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಇದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಸಂಪರ್ಕದಿಂದ ನಡೆಸುತ್ತಾರೆ. ಅವರೂ ಯುರೋಪಿನ ಸಹೋದ್ಯೋಗಿಗಳೂ ಸೇರಿ ಎಸ್‌ಡಿಎಸ್‌ಎಸ್ ಜೆ1001+5027 ಎಂಬ ಜೋಡಿಬಿಂಬದ ಕ್ವೇಸಾರನ್ನು 2005ರ ಮಾರ್ಚಿನಿಂದ 2011ರ ಜುಲೈವರೆಗೆ ಮೂರು ದೂರದರ್ಶಕಗಳಿಂದ ಗಮನಿಸಿದರು. 443 ಬಾರಿ ಅಳೆದು, ಒಂದಕ್ಕೊಂದು ಸಂಬಂಧವಿಲ್ಲದ ಐದು ವಿಧಾನಗಳಿಂದ ಲೆಕ್ಕ ಮಾಡಿ, ತಡ 119.3 ದಿನ, ಹೆಚ್ಚು ಕಡಿಮೆ 3.3 ದಿನ ಎಂದು 2013ರಲ್ಲಿ ಪ್ರಕಟಿಸಿದರು. ರೇಡಿಯೋ ಅಲೆಗಳಲ್ಲೂ ಇಂಥ ಕತೆಯುಂಟು. ಧನು ರಾಶಿಯ ಪಿಕೆಎಸ್ 1830–211 ಎಂಬ ಆಕರ ಎರಡಾಗಿ ಕಾಣುವುದನ್ನು 1988ರಲ್ಲಿ ವರದಿ ಮಾಡಿದವರು ಪ್ರಮೇಶ್ ರಾವ್ ಮತ್ತು ರವಿ ಸುಬ್ರಹ್ಮಣ್ಯನ್. ಇವರಲ್ಲಿ ಎರಡನೆಯವರು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಗುರುತ್ವದಿಂದ ಬಾಗಿ ಬಂದ ಬಿಂಬಗಳಲ್ಲಿ ಅದು ಅತ್ಯಂತ ಪ್ರಬಲವಾದವುಗಳ ಸಾಲಿಗೆ ಸೇರಿತು.

ಹಾಗಾದರೆ ಬಾಗಿದ ನೋಟವನ್ನು ನೇರ ಮಾಡಿಕೊಂಡರೆ ಸತ್ಯ ಕೈಗೆ ಬಂದಂತೆಯೇ? ಅಷ್ಟು ಸುಲಭವಲ್ಲ. ಮಸೂರವಾಗಿ ನಿಂತ ಗೆಲಾಕ್ಸಿಯ ದ್ರವ್ಯರಾಶಿಯಲ್ಲಿ ಹೆಚ್ಚು ಪಾಲು ಕಾಣದ ಕಪ್ಪುದ್ರವ್ಯ. ಅದು ಹೇಗೆ ಹರಡಿದೆ ಎಂಬುದನ್ನು ಊಹಿಸದೆ ತಡದಿಂದ ವಿಶ್ವದ ವೇಗಕ್ಕೆ ಹೋಗಲಾಗದು. 1985ರಲ್ಲಿ ಫಾಲ್ಕೊ, ಗೊರೆನ್‌ಸ್ಟೈನ್, ಶಪಿರೊ ಒಂದು ಮುಜುಗರದ ಸಂಗತಿಯನ್ನು ತೋರಿಸಿದರು. ಗೆಲಾಕ್ಸಿಯ ರಾಶಿಯನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಬದಲಿಸಿದರೆ ಬಿಂಬಗಳ ಸ್ಥಾನ ಒಂದಿಷ್ಟೂ ಬದಲಾಗುವುದಿಲ್ಲ, ಆದರೆ ಲೆಕ್ಕಕ್ಕೆ ಸಿಗುವ ವೇಗ ಬದಲಾಗುತ್ತದೆ. ಕಂಡದ್ದಷ್ಟನ್ನೇ ಎಷ್ಟು ದಿಟ್ಟಿಸಿದರೂ ಯಾವುದು ಸರಿ ಎಂದು ಗೊತ್ತಾಗದು. ಆರು ಕ್ವೇಸಾರ್‌ಗಳಿಂದ ಒಂದು ತಂಡಕ್ಕೆ ಸಿಕ್ಕ ಹಿಗ್ಗಿನ ವೇಗ, ಒಂದು ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ 73.3 ಕಿಲೋಮೀಟರ್. ಆದಿಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4. ಮೊದಲ ಅಳತೆಯ ಅನಿಶ್ಚಿತತೆ ಶೇ. 2.4 ಎಂದಿತ್ತು. 2020ರಲ್ಲಿ ಅದೇ ಕ್ಷೇತ್ರದವರು ರಾಶಿಯ ಹಂಚಿಕೆಯ ಬಗ್ಗೆ ತಾವೇ ಮಾಡಿಕೊಂಡಿದ್ದ ಊಹೆಯನ್ನು ಸಡಿಲಿಸಿ ನೋಡಿದಾಗ ಅನಿಶ್ಚಿತತೆ ಶೇ. 8ರಷ್ಟಾಯಿತು. ತಮ್ಮ ಅಂಕಿಯ ಹೊಳಪನ್ನು ತಾವೇ ಕಡಿಮೆ ಮಾಡಿಕೊಂಡ ಆ ಕೆಲಸವನ್ನು ನಾನು ಸೋಲೆಂದು ಕರೆಯಲಾರೆ. ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂದು ಗೆರೆ ಎಳೆದು ತೋರಿಸುವುದೇ ಪ್ರಾಮಾಣಿಕ ಜ್ಞಾನ.

ಜೈನರ ಅನೇಕಾಂತದ ಮಾತಿಗೂ ಇಲ್ಲಿ ಒಂದು ಪರೀಕ್ಷೆಯಿದೆ. ಹಲವು ನೋಟಗಳು ಸಲ್ಲುತ್ತವೆ ಎನ್ನುವುದನ್ನು ಎಲ್ಲ ಮಾತೂ ಸರಿಯೇ ಎಂದು ಸಡಿಲವಾಗಿ ಅರ್ಥ ಮಾಡಿಕೊಳ್ಳುವವರಿದ್ದಾರೆ. ಜೈನ ತಾರ್ಕಿಕರು ಹಾಗೆ ಹೇಳಲಿಲ್ಲ. ಯಾವ ನೆಲೆಯಿಂದ ಹೇಳುತ್ತಿದ್ದೇನೆ ಎಂಬ ಕಟ್ಟುಪಾಡನ್ನು ಪ್ರತಿ ಮಾತಿಗೂ ಹಾಕಿದರು. ಕ್ವೇಸಾರ್‌ನ ಎರಡು ಬಿಂಬಗಳೂ ನಿಜ, ಎರಡು ಕ್ವೇಸಾರ್ ಇವೆ ಎಂಬ ತೀರ್ಮಾನ ಸುಳ್ಳು. 417 ದಿನ ಸರಿ, 536 ದಿನ ತಪ್ಪು. ನೋಟಗಳ ಬಹುತ್ವವನ್ನು ಒಪ್ಪುವುದಕ್ಕೂ ತೀರ್ಮಾನಗಳ ತಪ್ಪನ್ನು ತಪ್ಪೆನ್ನುವುದಕ್ಕೂ ವಿರೋಧವಿಲ್ಲ. ಮೊದಲನೆಯದನ್ನು ಗೌರವಿಸುವವನು ಎರಡನೆಯದಕ್ಕೆ ಇನ್ನಷ್ಟು ಬದ್ಧನಾಗಿರಬೇಕು.

ದೂರದಿಂದ ಬರುವ ಬೆಳಕು ಅಲ್ಪಸ್ವಲ್ಪವಾದರೂ ಬಾಗದೆ ನಮ್ಮನ್ನು ತಲುಪುವುದಿಲ್ಲ. ನಡುವೆ ರಾಶಿಯಿರುವವರೆಗೆ ಪೂರ್ತಿ ನೇರವಾದ ದಾರಿ ಎಂಬುದಿಲ್ಲ. ಆದ್ದರಿಂದ ನಡುವಿನದೆಲ್ಲವನ್ನೂ ಅಡ್ಡಿಯೆಂದು ಬಗೆದು ಅದಿಲ್ಲದ ಶುದ್ಧ ನೋಟಕ್ಕೆ ಹಂಬಲಿಸುವುದು ವ್ಯರ್ಥ. ನಡುವಿನ ಗೆಲಾಕ್ಸಿ ಅಡ್ಡ ಬಂದದ್ದರಿಂದಲೇ ಕಾಣದ ದ್ರವ್ಯವನ್ನು ತೂಗಲು ಸಾಧ್ಯವಾಯಿತು, ವಿಶ್ವದ ಹಿಗ್ಗನ್ನು ಅಳೆಯಲು ಸಾಧ್ಯವಾಯಿತು. ಬಾಗುವಿಕೆ ಜ್ಞಾನದ ಶತ್ರುವಲ್ಲ. ಬಾಗಿದೆ ಎಂದು ವಿಚಾರಿಸದಿರುವುದು ಶತ್ರು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಐನ್‌ಸ್ಟೈನ್‌ನ ಹೆಸರನ್ನು ಹೇಳಿಕೊಡುವುದರ ಜೊತೆಗೆ ಈ ಅಭ್ಯಾಸವನ್ನೂ ಹೇಳಿಕೊಡಬೇಕು: ಯಾವ ಸುದ್ದಿ ಬಂದರೂ ಅದು ಬಂದ ದಾರಿಯನ್ನು ಕೇಳುವುದು, ದಾರಿಯ ನಿಯಮವನ್ನು ಲೆಕ್ಕಕ್ಕೆ ಹಿಡಿಯುವುದು, ತನ್ನ ಊಹೆಯನ್ನು ಊಹೆಯೆಂದೇ ಬರೆಯುವುದು, ಕೊನೆಗೆ ತಾನು ತಪ್ಪಾಗಿದ್ದರೆ ಯಾವ ದಿನ ಗೊತ್ತಾಗುತ್ತದೆ ಎಂದು ಮೊದಲೇ ಹೇಳಿಡುವುದು. ಹಾಗೆ ದಿನಾಂಕ ಹಾಕಲು ಒಪ್ಪದ ಮಾತು ಎಷ್ಟೇ ಪುರಾತನವಾಗಿರಲಿ, ಎಷ್ಟೇ ಆಧುನಿಕವಾಗಿರಲಿ, ಅದಕ್ಕೆ ನಮ್ಮ ಒಪ್ಪಿಗೆಯನ್ನು ಬೇಡುವ ಹಕ್ಕಿಲ್ಲ.